ಬಾಡಿ ಕಟ್ಟಿದವರು

ನಮ್ಮೂರು ಬಿ.ಜಿ. ಕೆರೆ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ರಸ್ತೆಯ ಮೇಲೆ, ಮೊಳಕಾಲ್ಮುರು ತಾಲ್ಲೂಕಿನಲ್ಲಿದೆ. ಮಳೆ ಕಡಿಮೆ, ಕಡಲೆಕಾಯಿ ಹೊಲ, ಜಾಲಿ ಮರ. ನಾವು ಹುಡುಗರಾಗಿದ್ದಾಗ ನಮಗಿದ್ದ ದೊಡ್ಡ ಮನರಂಜನೆ ಎಂದರೆ ಆ ರಸ್ತೆಯೇ. ಶಾಲೆ ಬಿಟ್ಟ ಮೇಲೆ ಹುಣಸೆ ಮರದ ಕೆಳಗೆ ಕುಳಿತು ಹೋಗುವ ಬರುವ ಲಾರಿ ಬಸ್ಸುಗಳನ್ನು ಎಣಿಸುವುದು, ಹೆಸರು ಓದುವುದು.

ಒಂದೊಂದು ಸಲ ಅಪರೂಪದ ನೋಟ ಸಿಗುತ್ತಿತ್ತು. ಮೈಯೇ ಇಲ್ಲದ ಬಸ್ಸು! ಮುಂದೆ ಎಂಜಿನ್ನು, ಉದ್ದಕ್ಕೆ ಎರಡು ಕಬ್ಬಿಣದ ತೊಲೆ, ಕೆಳಗೆ ಚಕ್ರ, ಅಷ್ಟೇ. ಮರದ ಪೆಟ್ಟಿಗೆಯೊಂದನ್ನು ಸೀಟು ಮಾಡಿಕೊಂಡು, ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿದ ಡ್ರೈವರು ಬಿಸಿಲಿನಲ್ಲೇ ಓಡಿಸಿಕೊಂಡು ಹೋಗುತ್ತಿದ್ದ. ಇದನ್ನು ಚಾಸಿ ಎನ್ನುತ್ತಾರೆಂದೂ, ದೊಡ್ಡ ಕಾರ್ಖಾನೆಗಳು ಇಷ್ಟನ್ನೇ ಮಾಡಿ ಕಳಿಸುತ್ತವೆಂದೂ, ಇದಕ್ಕೆ ಕಂಬ, ಛಾವಣಿ, ತಗಡು, ಕಿಟಕಿ, ಸೀಟು ಎಲ್ಲ ಹಾಕಿ ಬಸ್ಸು ಮಾಡುವವರು ಬೇರೆಯೇ ಇದ್ದಾರೆಂದೂ ಹೇಳಿದವನು ನನ್ನ ಸೋದರಮಾವ.

ಮಾವ ಆ ಬೇರೆಯವರಲ್ಲಿ ಒಬ್ಬ. 1962ರಲ್ಲಿ, ಹದಿನೇಳನೇ ವಯಸ್ಸಿಗೆ, ಬೆಂಗಳೂರಿಗೆ ಹೋಗಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಸೇರಿಕೊಂಡಿದ್ದ. ಅಮ್ಮ ಬಹಳ ಹೆಮ್ಮೆಯಿಂದ "ನಮ್ಮ ತಮ್ಮ ಬಾಡಿ ಕಟ್ಟೋ ಕೆಲಸದಾಗಿದಾನೆ" ಎಂದು ನೀರಿನ ಬಾವಿಯ ಹತ್ತಿರ ಹೇಳಿಕೊಂಡಳಂತೆ. ಕೇಳಿಸಿಕೊಂಡ ಅಜ್ಜಿಯೊಬ್ಬಳು "ಅಯ್ಯೋ ಶಿವನೇ, ಬ್ಯಾರೆ ಕೆಲಸಾನೇ ಸಿಗಲಿಲ್ವೇ ಆ ಹುಡುಗನಿಗೆ" ಎಂದು ಕಣ್ಣೀರು ಹಾಕಿದಳು. ಅವಳ ಲೆಕ್ಕದಲ್ಲಿ ಬಾಡಿ ಎಂದರೆ ಆಸ್ಪತ್ರೆಯಿಂದ ಬಿಳಿ ಬಟ್ಟೆ ಕಟ್ಟಿ ತರುವುದು ಒಂದೇ.

ನಮ್ಮಪ್ಪನಿಗೂ ಆ ಕೆಲಸದ ಮೇಲೆ ಗೌರವವಿರಲಿಲ್ಲ. ಅಪ್ಪ ಗಾಡಿ ಬಡಗಿ. ಗುಂಬ, ಅರೆ, ಅದರ ಮೇಲೆ ಕಾಯಿಸಿ ಕೂರಿಸುವ ಕಬ್ಬಿಣದ ಪಟ್ಟಿ, ಇದು ಅವರಿಗೆ ವಿದ್ಯೆ. ಮಾವನದು "ತಗಡು ಬಡಿಯೋ ಕೆಲಸ". ಹಾಗೆ ನೋಡಿದರೆ ಅಪ್ಪನಿಗೆ ತನ್ನ ಕೆಲಸವೂ ಮಗನಿಗೆ ಬೇಡವಾಗಿತ್ತು. "ಓದಿ ಮೇಷ್ಟ್ರಾಗು" ಎಂದರು. ಆದೆ.

1976ರ ಬೇಸಿಗೆಯ ಆರಂಭದ ಒಂದು ಸಂಜೆಯ ಮಾತು ಹೇಳಬೇಕು. ನಾನು ಚಿತ್ರದುರ್ಗದಲ್ಲಿ ಪಿಯುಸಿ ಓದುತ್ತಿದ್ದೆ. ನಾಯಕನಹಟ್ಟಿ ಜಾತ್ರೆಗೆಂದು ಬೆಂಗಳೂರಿನಿಂದ ಬಂದ ಮಾವ ಹಾಸ್ಟೆಲಿಗೇ ಬಂದು ನನ್ನನ್ನು ಕರೆದುಕೊಂಡ. ಇಬ್ಬರೂ ಊರಿಗೆ ಹೋಗುವ ಬಸ್ಸು ಹತ್ತಿದೆವು. ಜಾತ್ರೆಯ ಕಾಲ, ಕೂತವರಷ್ಟೇ ನಿಂತವರು. ಚಳ್ಳಕೆರೆ ಆಯಿತು, ತ.ರಾ.ಸು. ಮನೆತನದ ಊರಾದ ತಳುಕೂ ಆಯಿತು. ಕತ್ತಲಾಗುತ್ತಿತ್ತು. ಎದುರಿಗೆ ಬಂದ ಎತ್ತಿನ ಗಾಡಿಯೊಂದನ್ನು ತಪ್ಪಿಸಲು ಡ್ರೈವರು ಪಕ್ಕಕ್ಕೆ ಎಳೆದ. ಎಡಗಡೆಯ ಚಕ್ರಗಳು ರಸ್ತೆ ಬಿಟ್ಟವು. ಬಸ್ಸು ನಿಧಾನವಾಗಿ, ಮುದುಕರು ಮಲಗುವ ಹಾಗೆ, ಎಡಕ್ಕೆ ವಾಲಿ ಹಳ್ಳದಲ್ಲಿ ಮಲಗಿತು.

ನಿಧಾನವಾಗಿ ಎಂದು ಈಗ ಹೇಳುತ್ತೇನೆ. ಆಗ ಒಬ್ಬರ ಮೇಲೊಬ್ಬರು, ಕಡಲೆಕಾಯಿ ಮೂಟೆ, ಟ್ರಂಕು, ಮಕ್ಕಳ ಅಳು. ಹತ್ತುವ ಬಾಗಿಲು ಎಡಗಡೆಯದು, ಅದು ಮಣ್ಣಿನ ಕೆಳಗಾಗಿತ್ತು. ತುರ್ತು ಬಾಗಿಲು ಬಲಗಡೆ ಹಿಂದೆ, ಅಂದರೆ ಈಗ ನಮ್ಮ ತಲೆಯ ಮೇಲೆ. ಇಬ್ಬರು ಗಟ್ಟಿಗರು ಕಂಬಿ ಹಿಡಿದು ಏರಿ ಅದರ ಚಿಲಕಕ್ಕೆ ಕೈಹಾಕಿದರು. ಅಲುಗಲಿಲ್ಲ. ವರ್ಷ ವರ್ಷ ಬಳಿದ ಬಣ್ಣದ ಪದರಗಳಲ್ಲಿ ಚಿಲಕ ಮುಚ್ಚಿಹೋಗಿತ್ತು. ಸಾಲದ್ದಕ್ಕೆ ಆ ಬಾಗಿಲಿಗೆ ಅಡ್ಡವಾಗಿ ಒಂದು ಸೀಟು ಕೂರಿಸಿದ್ದರು. ಡೀಸೆಲ್ ವಾಸನೆ ಮೂಗಿಗೆ ಹೊಡೆಯತೊಡಗಿತು. ಯಾರೋ ಬೆಳಕಿಗೆಂದು ಕಡ್ಡಿಪೆಟ್ಟಿಗೆ ತೆಗೆದಾಗ ಮಾವ ಕೂಗಿದ ಕೂಗು ನನಗೆ ಇಂದಿಗೂ ಕೇಳಿಸುತ್ತದೆ.

ಆಮೇಲೆ ಅವನು ತೆವಳಿಕೊಂಡು ಬಸ್ಸಿನ ಹಿಂಬದಿಯ ದೊಡ್ಡ ಗಾಜಿನ ಹತ್ತಿರ ಹೋದ. ಒಡೆಯುತ್ತಾನೆ ಎಂದುಕೊಂಡೆ. ಒಡೆಯಲಿಲ್ಲ. ಕುರುಡರು ಮುಖ ಸವರಿ ನೋಡುವ ಹಾಗೆ ಗಾಜಿನ ಸುತ್ತಲಿನ ರಬ್ಬರನ್ನು ಬೆರಳಿನಿಂದ ಸವರುತ್ತಾ ಹೋದ. ಒಂದು ಕಡೆ ನಿಂತ. ಜೇಬಿನ ಬೀಗದ ಕೈಯಿಂದ ಏನನ್ನೋ ಮೀಟಿದ. ಹಲ್ಲಿನಿಂದ ಕಚ್ಚಿ ಎಳೆದ. ರಬ್ಬರಿನ ಮಧ್ಯದಿಂದ ಹುರಿಯಂಥ ಒಂದು ಉದ್ದನೆಯ ಪಟ್ಟಿ ಜರ್ರನೆ ಕಿತ್ತು ಬಂತು. ಗಾಜನ್ನು ಒಂದು ಮೂಲೆಯಲ್ಲಿ ಒದ್ದ. ಇಡೀ ಗಾಜು ಬಾಗಿಲ ಹಾಗೆ ಹೊರಕ್ಕೆ ಬಿತ್ತು. ಮೊದಲು ಮಕ್ಕಳು, ಆಮೇಲೆ ಹೆಂಗಸರು, ಎಲ್ಲರೂ ಹೊರಬಂದೆವು. ಒಬ್ಬ ಮುದುಕಿಯ ಕೈ ಮುರಿದಿತ್ತು, ನನ್ನ ಭುಜದ ಮೂಳೆ ಸೀಳಿತ್ತು. ಯಾರೂ ಸಾಯಲಿಲ್ಲ.

"ನಿನಗೆ ಹೇಗೆ ಗೊತ್ತಾತು ಮಾವ?" ಎಂದು ಕೇಳಿದೆ.

"ದಿನಾ ಕೂರಿಸೋನು ನಾನೇ ಅಲ್ಲೇನೋ ಅಳಿಯ? ಹಾಕಿದೋನಿಗೆ ತೆಗೆಯಾಕೆ ಬರದಿಲ್ವಾ? ಪುಣ್ಯ, ಪಟ್ಟಿ ಒಳಮೈಗಿತ್ತು. ಹೊರಮೈಗೆ ಹಾಕೋರೂ ಐದಾರೆ."

ಎಲ್ಲರೂ ರಸ್ತೆಯ ಬದಿಯಲ್ಲಿ ಕುಳಿತು ದೇವರನ್ನು ನೆನೆಯುತ್ತಿದ್ದಾಗ ಮಾವ ಯಾರದೋ ಬ್ಯಾಟರಿ ಈಸಿಕೊಂಡು ಬಸ್ಸಿನ ಸುತ್ತ ಓಡಾಡತೊಡಗಿದ. ಛಾವಣಿಗೂ ಕಿಟಕಿಯ ಕಂಬಗಳಿಗೂ ಸೇರುವ ಮೂಲೆಗಳನ್ನು ಒಂದೊಂದಾಗಿ ನೋಡಿದ. ಬಂದು ನನ್ನ ಪಕ್ಕ ಕೂತು, "ಒಂದು ಕಂಬಾನೂ ಕದಲಿಲ್ಲ ನೋಡು. ಕಟ್ಟಿದೋನು ಕೆಲಸ ಬಲ್ಲೋನು. ಬಾಗಿಲಿಗೆ ಅಡ್ಡ ಸೀಟು ಹಾಕ್ಸಿದೋನು ಬ್ಯಾರೆ" ಎಂದ. ಮರುದಿನದ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಚಾಲಕನ ಅಜಾಗರೂಕತೆ ಎಂದಿತ್ತು. ಕಂಬದ ವಿಷಯವೂ ಇರಲಿಲ್ಲ, ಸೀಟಿನ ವಿಷಯವೂ ಇರಲಿಲ್ಲ.

ಭುಜ ಕೂಡಿದ ಮೇಲೆ, ಮುಂದಿನ ವರ್ಷ, ನಾನು ಮಾವನ ಶೆಡ್ಡು ನೋಡಲು ಬೆಂಗಳೂರಿಗೆ ಹೋದೆ. ಅಲ್ಲಿ ನಾಲ್ಕು ಚಾಸಿಗಳು ಸಾಲಾಗಿ ನಿಂತಿದ್ದವು, ಒಂದೊಂದೂ ಒಂದೊಂದು ವಯಸ್ಸಿನಲ್ಲಿ. ಮೊದಲನೆಯದಕ್ಕೆ ಅಡ್ಡ ತೊಲೆಗಳನ್ನು ಮಾತ್ರ ಬಿಗಿದಿದ್ದರು. ಎರಡನೆಯದಕ್ಕೆ ಕಂಬಗಳು ಎದ್ದು ಛಾವಣಿಯ ಕಮಾನುಗಳು ಬಾಗಿದ್ದವು, ಸತ್ತ ದನದ ಪಕ್ಕೆಲುಬಿನ ಹಾಗೆ. ಮೂರನೆಯದಕ್ಕೆ ತಗಡು ಹೊದಿಸುತ್ತಿದ್ದರು. ನಾಲ್ಕನೆಯದು ಬಣ್ಣ ಬಳಿಸಿಕೊಂಡು ಮದುವಣಗಿತ್ತಿಯಾಗಿತ್ತು. ಆ ಗದ್ದಲದಲ್ಲಿ ಮಾತೇ ಕೇಳಿಸದು. ಎಲ್ಲ ಕೈಸನ್ನೆ.

ಹಳೆಯ ಕಾಲದಲ್ಲಿ ಚೌಕಟ್ಟು ಪೂರ್ತಿ ಮರದ್ದೇ ಇರುತ್ತಿತ್ತು. ಮರಕ್ಕೆ ಒಂದು ಗುಣವುಂಟು. ಕೆಟ್ಟ ರಸ್ತೆಯಲ್ಲಿ ಅದು ಸ್ವಲ್ಪ ಬಾಗಿ ಕೊಡುತ್ತದೆ, ಕೆಟ್ಟರೆ ಊರ ಬಡಗಿಯೇ ಸರಿಮಾಡಬಹುದು. ಆದರೆ ಮೊಳೆ ಹೊಡೆದ ಕಡೆ ನೀರು ಇಳಿದು ಒಳಗೊಳಗೇ ಕೊಳೆಯುತ್ತದೆ, ಮೇಲಿನ ಬಣ್ಣ ನೋಡಿದವರಿಗೆ ತಿಳಿಯುವುದಿಲ್ಲ. ಕಬ್ಬಿಣದ ಚೌಕಟ್ಟಿಗೆ ಅಲ್ಯುಮಿನಿಯಂ ತಗಡು ಹೊದಿಸಿದರೆ ಹಗುರ, ಆದರೆ ಅಲ್ಲೊಂದು ಮೋಸವಿದೆ. ಎರಡು ಲೋಹಗಳೂ ನೇರವಾಗಿ ತಾಗಿಕೊಂಡಿದ್ದು ನಡುವೆ ನೀರು ಸೇರಿದರೆ ಅಲ್ಯುಮಿನಿಯಂ ಬೂದಿಯಂತೆ ಪುಡಿಯಾಗುತ್ತದೆ. ಅದಕ್ಕೆ ಎರಡರ ಮಧ್ಯೆ ಬಣ್ಣವನ್ನೋ ಪಟ್ಟಿಯನ್ನೋ ಕೊಡಬೇಕು. ನನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿ ವಿದ್ಯುತ್ ಕೋಶದ ಪಾಠದಲ್ಲಿದ್ದದ್ದು ಇದೇ. ಓದಿ ಅಂಕ ತೆಗೆದಿದ್ದೆ. ಅದು ಬಸ್ಸಿನ ಪಕ್ಕೆಯಲ್ಲೂ ನಡೆಯುತ್ತದೆಂದು ತಿಳಿದದ್ದು ಏಳನೇ ತರಗತಿ ಓದಿದ ಮಾವನಿಂದ.

ಮಾವನಿಗೆ ಇದನ್ನೆಲ್ಲ ಕಲಿಸಿದವರು ಅವನ ಮೇಸ್ತ್ರಿ, ತಮಿಳು ಮನೆಮಾತಿನ ಹಿರಿಯರು. ಅವರು ಸಾಲು ರಿವೆಟ್ಟುಗಳ ಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಸದ್ದಿನಿಂದಲೇ ಸಡಿಲವಾದದ್ದನ್ನು ಹಿಡಿಯುತ್ತಿದ್ದರು. ಎಲ್ಲಿ ಕಲಿತಿರಿ ಎಂದರೆ "ಏರೋಪ್ಲೇನ್ ಫ್ಯಾಕ್ಟರಿ" ಎಂದರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ.

ತಮಾಷೆಯಲ್ಲ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸರ್ಕಾರದ ಜತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ತೆರೆದರು. ಅದೇ ಇಂದಿನ ಎಚ್.ಎ.ಎಲ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳು ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು. ಸಾವಿರಾರು ಜನ ತಗಡು ಕತ್ತರಿಸಲು, ಬಾಗಿಸಲು, ರಿವೆಟ್ ಹೊಡೆಯಲು ಕಲಿತರು. 1945ರಲ್ಲಿ ಯುದ್ಧ ಮುಗಿಯಿತು, ವಿಮಾನಗಳು ಬರುವುದು ನಿಂತಿತು. ಕಲಿತ ಕೈಗಳು ಏನು ಮಾಡಬೇಕು? ಕಂಪನಿ ಪೂರಾ ಲೋಹದ ರೈಲು ಬೋಗಿಗಳನ್ನು ಕಟ್ಟತೊಡಗಿತು. ಬಸ್ಸಿನ ಬಾಡಿಗಳನ್ನೂ ಕಟ್ಟಿತು. ಆ ಕಾಲಕ್ಕೆ ಬಸ್ಸುಗಳಿಗೆ ಬೇಡಿಕೆಯೂ ಇತ್ತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದು ನಿಗಮವಾಯಿತು. ನಾವು ಇಂದು ಕೆ.ಎಸ್.ಆರ್.ಟಿ.ಸಿ. ಎನ್ನುವ ಸಂಸ್ಥೆಯ ಬೇರು ಅದು. ಎಚ್.ಎ.ಎಲ್.ನ ರೈಲು ಬೋಗಿ ವಿಭಾಗ 1960ರ ದಶಕದ ಮಧ್ಯದಲ್ಲಿ ಹೊಸದಾಗಿ ಹುಟ್ಟಿದ ಬೆಮೆಲ್‌ಗೆ ಹೋಯಿತು. ಬೆಂಗಳೂರಿನಲ್ಲಿ ಮೆಟ್ರೊ ಹತ್ತಿದವರಲ್ಲಿ ಅನೇಕರು ಅದೇ ಬೆಮೆಲ್ ಕಟ್ಟಿದ ಬೋಗಿಗಳಲ್ಲಿ ಕೂತಿರುತ್ತಾರೆ.

"ಬಸ್ಸಾದರೇನು ವಿಮಾನವಾದರೇನು, ರಿವೆಟ್ಟು ರಿವೆಟ್ಟೇ" ಎಂದರು ಮೇಸ್ತ್ರಿ. "ವ್ಯತ್ಯಾಸ ಒಂದೇ. ಅಲ್ಲಿ ಸಡಿಲವಾದರೆ ಇಳಿಯೋಕೆ ಮೆಟ್ಟಿಲಿರಲ್ಲ."

ಮುಂದೆ ಮೇಷ್ಟ್ರಾದ ಮೇಲೆ ನನಗೆ ಬಸ್ಸಿನ ಚರಿತ್ರೆ ಓದುವ ಹುಚ್ಚು ಹತ್ತಿತು. ನಮ್ಮ ಮೇಸ್ತ್ರಿಯ ಕಥೆ ಅದೇ ಹೊತ್ತಿಗೆ ಲಂಡನ್ನಿನಲ್ಲೂ ನಡೆದಿತ್ತೆಂದು ಆಗ ತಿಳಿಯಿತು. ಲಂಡನ್ನಿನ ಪಶ್ಚಿಮಕ್ಕೆ ಪಾರ್ಕ್ ರಾಯಲ್ ಎಂಬ ಕಡೆ, ಅದೇ ಹೆಸರಿನ ಬಸ್ ಬಾಡಿ ಕಟ್ಟುವ ಕಂಪನಿಯೊಂದು 1930ರಲ್ಲಿ ಆರಂಭವಾಯಿತು. ಅಲ್ಲೂ ಇಲ್ಲಿಯ ಹಾಗೆಯೇ. ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು. ಯುದ್ಧ ಬಂದಾಗ ಈ ಕಂಪನಿ, ಡ್ಯೂಪಲ್ ಎಂಬ ಇನ್ನೊಂದು ಬಾಡಿ ಕಂಪನಿ, ಲಂಡನ್ ಸಾರಿಗೆ ಸಂಸ್ಥೆ ಮತ್ತಿತರರು ಒಂದು ಗುಂಪು ಮಾಡಿಕೊಂಡು ಹ್ಯಾಲಿಫ್ಯಾಕ್ಸ್ ಎಂಬ ಬಾಂಬರ್ ವಿಮಾನ ಕಟ್ಟಿದರು. ಬಸ್ಸು ಕಟ್ಟುವವರು ಕೂಡಿ 710 ವಿಮಾನ ಕಟ್ಟಿದರು!

ಯುದ್ಧ ಮುಗಿದ ಮೇಲೆ ಆ ಕಲಿಕೆಯನ್ನು ಅವರು ಕೈಬಿಡಲಿಲ್ಲ. ವಿಮಾನಕ್ಕೆ ಪ್ರತ್ಯೇಕ ಚಾಸಿ ಎಲ್ಲಿದೆ? ಒಡಲೇ ಭಾರ ಹೊರುತ್ತದೆ. ಬಸ್ಸನ್ನೂ ಹಾಗೆಯೇ ಏಕೆ ಮಾಡಬಾರದು ಎಂದು ಲಂಡನ್ ಸಾರಿಗೆಯ ಎಂಜಿನಿಯರುಗಳು ಅಲ್ಯುಮಿನಿಯಮ್ಮಿನ ಡಬಲ್ ಡೆಕ್ಕರ್ ಒಂದನ್ನು ರೂಪಿಸಿದರು. ಮೊದಲ ಮಾದರಿ 1954ರಲ್ಲಿ ಸಿದ್ಧವಾಯಿತು. ಹಿಂದಿನ ಬಸ್ಸಿನಲ್ಲಿ 56 ಸೀಟು. ಇದರಲ್ಲಿ 64, ಆದರೂ ತೂಕ ಹೆಚ್ಚಲಿಲ್ಲ. ಅದೇ ರೂಟ್‌ಮಾಸ್ಟರ್. ಲಂಡನ್ ಎಂದ ಕೂಡಲೇ ಕಣ್ಣ ಮುಂದೆ ಬರುವ ಕೆಂಪು ಬಸ್ಸು. ಒಟ್ಟು 2,876 ಬಸ್ಸುಗಳಾದವು. ಲಂಡನ್ನಿಗಾಗಿ ಅವನ್ನು ಕಟ್ಟಿದ್ದು ಪಾರ್ಕ್ ರಾಯಲ್ ಕಾರ್ಖಾನೆ.

ಕಾರ್ಖಾನೆಯ ಕೊನೆ ಮಾತ್ರ ಸಂತೋಷದ್ದಲ್ಲ. 1949ರಲ್ಲಿ ಅದು ಒಂದು ದೊಡ್ಡ ಕೂಟಕ್ಕೆ ಸೇರಿತು, 1962ರಲ್ಲಿ ಆ ಕೂಟವನ್ನೇ ಲೇಲ್ಯಾಂಡ್ ಕಂಪನಿ ಕೊಂಡಿತು. ಮದರಾಸಿನ ನಮ್ಮ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಗಲು ಕಾರಣವಾದ ಲೇಲ್ಯಾಂಡ್ ಅದೇ. ದೊಡ್ಡ ಮನೆಯ ಸೊಸೆಯಾದ ಪಾರ್ಕ್ ರಾಯಲ್ 1980ರಲ್ಲಿ ಬಾಗಿಲು ಮುಚ್ಚಿತು. ಅದು ಕಟ್ಟಿದ ಬಸ್ಸುಗಳು ಮಾತ್ರ ಲಂಡನ್ನಿನ ಮಾಮೂಲಿ ಮಾರ್ಗದಲ್ಲಿ 2005ರ ಡಿಸೆಂಬರ್ 9ರವರೆಗೆ ಓಡಿದವು. ಕಟ್ಟಿದವರು ಹೋದ ಮೇಲೂ ಇಪ್ಪತ್ತೈದು ವರ್ಷ! ಜನ ಆ ಬಸ್ಸಿಗೆ ವಿದಾಯ ಹೇಳಲು ರಸ್ತೆಯಲ್ಲಿ ನಿಂತಿದ್ದರಂತೆ. ರಿವೆಟ್ ಹೊಡೆದ ಒಬ್ಬನಾದರೂ ಮುದುಕ ಆ ಗುಂಪಿನಲ್ಲಿ ನಿಂತಿದ್ದನೋ ಏನೋ ಎಂದು ನಾನು ಅಂದುಕೊಳ್ಳುತ್ತೇನೆ.

ಮಾವನ ಕೊನೆಯ ವರ್ಷಗಳು ಬೇರೆ ರೀತಿಯವು. ಒಮ್ಮೆ ಒಬ್ಬ ಬಸ್ ಮಾಲೀಕ ಬಂದು ತುರ್ತು ಬಾಗಿಲ ಹತ್ತಿರ ಎರಡು ಸೀಟು ಹೆಚ್ಚಿಗೆ ಕೂರಿಸಿಕೊಡು ಎಂದನಂತೆ. ಮಾವ ಆಗುವುದಿಲ್ಲ ಎಂದ. "ಆರ್‌ಟಿಓ ನೋಡಿ ಹೋದ ಮೇಲೆ ಹಾಕು, ನಿನ್ನ ಗಂಟೇನು ಹೋಗುತ್ತೆ?" ಎಂದ ಮಾಲೀಕ. ಮಾವ ಮತ್ತೂ ಆಗುವುದಿಲ್ಲ ಎಂದ. ಕೆಲಸ ಪಕ್ಕದ ಶೆಡ್ಡಿಗೆ ಹೋಯಿತು. ಅವನ ಶೆಡ್ಡಿನ ಧಣಿ ಎರಡು ತಿಂಗಳು ಅವನ ಮುಖ ನೋಡಿ ಮಾತಾಡಲಿಲ್ಲ. "ಅಲ್ಲೋ, ನೀನು ಹಾಕದಿದ್ರೆ ಇನ್ನೊಬ್ಬ ಹಾಕ್ತಾನೆ, ಸುಮ್ನೆ ಅನ್ನ ಕಳಕಂತೀಯ" ಎಂದು ಅಮ್ಮ ಬೈದಳು. ಅಮ್ಮನ ಮಾತೂ ಸುಳ್ಳಲ್ಲ. ಮಾವ ಉತ್ತರ ಕೊಡದೆ ಊಟ ಮುಗಿಸಿ ಎದ್ದ. ಅವನು 2009ರಲ್ಲಿ ತೀರಿಕೊಂಡ.

2013ರಲ್ಲಿ ಅವನಿದ್ದಿದ್ದರೆ ಏನನ್ನುತ್ತಿದ್ದನೋ. ಆ ವರ್ಷದ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಮೆಹಬೂಬ್‌ನಗರ ಜಿಲ್ಲೆಯಲ್ಲಿ ಹೊತ್ತಿ ಉರಿದು 45 ಜನ ಸತ್ತರು. ಎರಡು ವಾರದಲ್ಲಿ ಹಾವೇರಿಯ ಬಳಿ ಇನ್ನೊಂದು ಬಸ್ಸಿಗೆ ಬೆಂಕಿ, 7 ಸಾವು. 2020ರ ಆಗಸ್ಟಿನಲ್ಲಿ ನಮ್ಮದೇ ಜಿಲ್ಲೆಯ ಹಿರಿಯೂರಿನ ಹತ್ತಿರ ಇನ್ನೊಂದು, 5 ಸಾವು. ಆ ಸುದ್ದಿಗಳನ್ನು ಓದುವಾಗ ಎಡಕ್ಕೆ ಮಲಗಿದ ನಮ್ಮ ಬಸ್ಸು, ಆ ಡೀಸೆಲ್ ವಾಸನೆ, ಆ ಕಡ್ಡಿಪೆಟ್ಟಿಗೆ ನನ್ನ ಕಣ್ಣ ಮುಂದೆ ಬಂದು ಪತ್ರಿಕೆ ಮಡಚಿಟ್ಟುಬಿಡುತ್ತಿದ್ದೆ.

ಈಗ ಬಸ್ ಬಾಡಿಗೆಂದೇ ಒಂದು ನಿಯಮಾವಳಿ ಇದೆ, ಎಐಎಸ್-052 ಎಂದು. ಎಷ್ಟು ಸೀಟಿಗೆ ಎಷ್ಟು ತುರ್ತು ದಾರಿ, ಸೀಟನ್ನು ನೆಲಕ್ಕೆ ಹೇಗೆ ಬಿಗಿಯಬೇಕು ಎಲ್ಲವನ್ನೂ ಅದು ಹೇಳುತ್ತದೆ. ಒಳ್ಳೆಯದೇ. ಆದರೆ ಕಾಗದದ ಮೇಲಿನ ಬಾಗಿಲಿನಿಂದ ಯಾರೂ ಹೊರಗೆ ಬರಲಾರರು. ನಿಯಮ ಬಂದ ಮೇಲೆ ಎಷ್ಟೋ ಚಿಕ್ಕ ಶೆಡ್ಡುಗಳಿಗೆ ಅದನ್ನು ಪೂರೈಸುವ ಶಕ್ತಿಯಿಲ್ಲದಾಯಿತು ಎಂಬುದೂ ನಿಜ. ಮಾವನಂಥವರು ಅಂಥ ಶೆಡ್ಡುಗಳಲ್ಲೇ ಇದ್ದದ್ದು. ಇದರಲ್ಲಿ ಯಾರ ಕಡೆ ನಿಲ್ಲಬೇಕೆಂದು ಕೇಳಿದರೆ, ಆ ಸಂಜೆ ಆ ಬಸ್ಸಿನೊಳಗೆ ಇದ್ದವನಾಗಿ ನಾನು ನಿಯಮದ ಕಡೆಯೇ ನಿಲ್ಲುತ್ತೇನೆ.

ಕೆಲವು ವರ್ಷಗಳ ಹಿಂದೆ, ನಾನು ನಿವೃತ್ತನಾದ ಮೇಲೆ, ನಮ್ಮ ಬೀದಿಯ ಬಡಗಿಯೊಬ್ಬರು ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಬಂದರು. ಅಂಕ ಅಷ್ಟಕ್ಕಷ್ಟೆ. ಹುಡುಗ ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸುವವನು. ಐಟಿಐಗೆ ಸೇರಿಸಿ, ವೆಲ್ಡಿಂಗೋ ಶೀಟ್ ಮೆಟಲ್ಲೋ ಕಲಿಯಲಿ ಎಂದೆ. ಅವರ ಮುಖ ಇಳಿದುಹೋಯಿತು.

"ಏನ್ ಸಾರ್, ಮೇಷ್ಟ್ರಾಗಿ ನೀವೇ ಹಿಂಗಂತೀರಲ್ಲ. ತಗಡು ಬಡಿಯೋ ಕೆಲಸಕ್ಕಾ?"

ಅಪ್ಪನ ಮಾತು, ಅಕ್ಷರ ಬದಲಾಗಿರಲಿಲ್ಲ. ನಾನು ವಾದ ಮಾಡಲಿಲ್ಲ. ಹಿಂಬದಿಯ ಗಾಜಿನ ಕಥೆ ಹೇಳಿದೆ. ಅವರು ಕೇಳಿ, ಏನೂ ಹೇಳದೆ ಹೋದರು. ಹುಡುಗ ಐಟಿಐ ಸೇರಿದ ಸುದ್ದಿ ತಿಂಗಳ ಮೇಲೆ ಗೊತ್ತಾಯಿತು. ಈಗ ಬೆಂಗಳೂರಿನ ಹೊರವಲಯದಲ್ಲಿ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯೊಂದರಲ್ಲಿ ಚೌಕಟ್ಟಿನ ವೆಲ್ಡಿಂಗ್ ಕೆಲಸದಲ್ಲಿದ್ದಾನೆ.

ಕಳೆದ ದೀಪಾವಳಿಗೆ ಬಂದವನು ನಮ್ಮ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಬಸ್ಸನ್ನು ಬೇಕೆಂದೇ ಉರುಳಿಸುವ ಪರೀಕ್ಷೆ. ನೆಲಕ್ಕಿಂತ 800 ಮಿಲಿಮೀಟರ್ ಎತ್ತರದ ಕಟ್ಟೆಯ ಮೇಲೆ ಬಸ್ಸನ್ನು ನಿಲ್ಲಿಸಿ, ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿಸಿ ಕೆಳಕ್ಕೆ ಬೀಳಿಸುತ್ತಾರೆ. ಬಿದ್ದ ಮೇಲೆ ಒಳಗೆ ಕೂತವರು ಬದುಕಿ ಉಳಿಯುವಷ್ಟು ಜಾಗಕ್ಕೆ ಕಂಬವಾಗಲಿ ಛಾವಣಿಯಾಗಲಿ ನುಗ್ಗಬಾರದು. ಬಸ್ಸು ವಾಲಿತು, ಒಂದು ಕ್ಷಣ ತಡೆಯಿತು, ದಡ್ಡನೆ ಬಿತ್ತು. ಧೂಳು. ನನ್ನ ಕೈ ತನ್ನಷ್ಟಕ್ಕೆ ಭುಜದ ಮೇಲೆ ಹೋಯಿತು.

"ಕಂಬ ಕದಲಿತೇನಪ್ಪಾ?" ಎಂದೆ.

"ಸ್ವಲ್ಪ ಬಾಗುತ್ತೆ ಸಾರ್, ಬಾಗಲೇಬೇಕು. ಒಳಗೆ ಬರಲಿಲ್ಲ."

ಹುಡುಗನ ತಂದೆ ಮೆಟ್ಟಿಲ ಮೇಲೆ ಕೂತಿದ್ದವರು ಎದ್ದು ಬಂದು ಮೊಬೈಲು ಈಸಿಕೊಂಡರು. ಎರಡು ಸಲ ನೋಡಿದರು. ಮೂರನೇ ಸಲ ಹಾಕಿಸಿ, ಧೂಳು ಆರಿದ ಮೇಲೆ ಬಸ್ಸಿನ ಸುತ್ತ ಸೇರಿದ್ದ ಜನರ ಕಡೆ ಬೆರಳು ತೋರಿಸಿ ಕೇಳಿದರು:

"ಇದರಾಗೆ ನೀನು ಎಲ್ಲಿ ನಿಂತಿದೀಯಲೋ?"